ಬ್ರ್ಯಾಂಡ್ ಬಿಡಿ, ಒಳಗಿನ ಚಿಪ್ ಯಾವುದೆಂದು ಕೇಳಿ

ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಕಂಪ್ಯೂಟರ್ ಅಂಗಡಿಗೆ ಹೋಗಿ "ಇದರಲ್ಲಿ ಲಿನಕ್ಸ್ ಓಡುತ್ತದೆಯೇ?" ಎಂದು ಕೇಳಿದರೂ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: "ಎಲ್ಲವೂ ಓಡುತ್ತದೆ ಸರ್, ಯಾವ ಓಎಸ್ ಬೇಕೋ ಹಾಕಿಸಿಕೊಳ್ಳಿ." ಅಂಗಡಿಯವರು ಸುಳ್ಳು ಹೇಳುತ್ತಿಲ್ಲ. ಇಂದಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಮುಕ್ತ ಓಎಸ್ (ಕಾರ್ಯಾಚರಣಾ ವ್ಯವಸ್ಥೆ) ಆದ ಲಿನಕ್ಸ್ ಏಳುತ್ತದೆ, ಪರದೆ ಬೆಳಗುತ್ತದೆ, ಕೀಲಿಮಣೆ ಕೆಲಸ ಮಾಡುತ್ತದೆ. ತೊಂದರೆ ಗೊತ್ತಾಗುವುದು ಮನೆಗೆ ತಂದ ಮೇಲೆ. ವೈ-ಫೈ ಪಟ್ಟಿ ಖಾಲಿ ಇರುತ್ತದೆ. ಆನ್‌ಲೈನ್ ತರಗತಿಯಲ್ಲಿ ಕ್ಯಾಮೆರಾ ಕಪ್ಪು ಪರದೆ ತೋರಿಸುತ್ತದೆ. ಮುಚ್ಚಿ ಬ್ಯಾಗಿನಲ್ಲಿಟ್ಟ ಲ್ಯಾಪ್‌ಟಾಪ್ ಮೆಜೆಸ್ಟಿಕ್ ತಲುಪುವಷ್ಟರಲ್ಲಿ ಕಾದ ಹೆಂಚಿನಂತಾಗಿರುತ್ತದೆ. ಆಗ ಎಲ್ಲರೂ ಬೈಯುವುದು ಲಿನಕ್ಸನ್ನು. ಆ ಬೈಗುಳ ತಪ್ಪು ವಿಳಾಸಕ್ಕೆ ಹೋಗುತ್ತಿದೆ ಎಂಬುದೇ ನನ್ನ ವಾದ. ಸಮಸ್ಯೆ ಹುಟ್ಟಿದ್ದು ಕೊಂಡ ದಿನ. ಕಂಪ್ಯೂಟರಿನ ಹೆಸರು ನೋಡಿ, ಅದರೊಳಗೆ ಯಾವ ಚಿಪ್ ಇದೆ ಎಂದು ಕೇಳದೆ ದುಡ್ಡು ಕೊಟ್ಟಾಗ.

ಕೆಲವು ತಿಂಗಳಿಂದ ಈ ವಿಷಯದ ಬೆನ್ನು ಹತ್ತಲು ಒಂದು ಕಾರಣವಿದೆ. ನಮ್ಮ ಬಡಾವಣೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಸಂಜೆ ಹೊತ್ತು ಹೈಸ್ಕೂಲು ಮಕ್ಕಳಿಗಾಗಿ ಒಂದು ಓದುಮನೆ ನಡೆಸುತ್ತಾರೆ. ಅಲ್ಲಿಗೆ ಆರು ಲ್ಯಾಪ್‌ಟಾಪ್ ಮತ್ತು ಒಂದು ಪ್ರಿಂಟರ್ ಬೇಕಾಗಿತ್ತು. ಕೈಯಲ್ಲಿದ್ದದ್ದು ದಾನಿಗಳು ಕೊಟ್ಟ ಅಷ್ಟಿಷ್ಟು ಹಣ. ಮೇಷ್ಟ್ರು ಹಾಕಿದ ಷರತ್ತು ಎರಡು. "ಕದ್ದ ವಿಂಡೋಸ್ ಈ ಮನೆಯೊಳಗೆ ಬರಬಾರದು. ಇನ್ನು ಹತ್ತು ವರ್ಷವಾದರೂ ಇವು ಬಾಳಬೇಕು." ಎರಡನ್ನೂ ಒಟ್ಟಿಗೆ ಪಾಲಿಸಲು, ಯಾರು ಬೇಕಾದರೂ ಒಳಗೆ ನೋಡಿ ತಿದ್ದಿ ಹಂಚಬಹುದಾದ ಮುಕ್ತ ತಂತ್ರಾಂಶದ ದಾರಿಯೇ ಸರಿ ಎಂದುಕೊಂಡು ಹೊರಟೆವು.

ಹೊರಟ ಕಾಲವೂ ಹಾಗೆಯೇ ಇತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಭದ್ರತಾ ನವೀಕರಣ ನಿಂತುಹೋಯಿತು. ಹೆಸರು ನೋಂದಾಯಿಸಿದ ವೈಯಕ್ತಿಕ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ವಿನಾಯಿತಿಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ 8ನೇ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಆಗಿರಬೇಕು. ಈ ಕಾರಣಕ್ಕೆ ಜಗತ್ತಿನಲ್ಲಿ ಸುಮಾರು 24 ಕೋಟಿ ಕಂಪ್ಯೂಟರ್‌ಗಳು ಕಸವಾಗಬಹುದೆಂದು ಮಾರುಕಟ್ಟೆ ಅಧ್ಯಯನ ಮಾಡುವ ಕೆನಾಲಿಸ್ ಸಂಸ್ಥೆ 2023ರಲ್ಲಿ ಅಂದಾಜು ಮಾಡಿತ್ತು. ಬೆಂಗಳೂರಿನ ಕಂಪನಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ನೌಕರರ ಲ್ಯಾಪ್‌ಟಾಪ್‌ಗಳನ್ನು ಬದಲಾಯಿಸುತ್ತವೆ. ಹೊರಬಿದ್ದವು ಎಸ್.ಪಿ. ರಸ್ತೆಯ ಮಹಡಿ ಅಂಗಡಿಗಳಲ್ಲಿ ಇಟ್ಟಿಗೆಯಂತೆ ಪೇರಿಸಿ ಕುಳಿತಿರುತ್ತವೆ. ಅವುಗಳಲ್ಲಿ ಬಹಳಷ್ಟು ಗಟ್ಟಿಮುಟ್ಟಾದ ಯಂತ್ರಗಳು. ಲಿನಕ್ಸ್ ಹಾಕಿದರೆ ಇನ್ನೂ ಎಷ್ಟೋ ವರ್ಷ ದುಡಿಯುತ್ತವೆ.

ಆದರೆ ಎಲ್ಲವೂ ಒಂದೇ ರೀತಿ ದುಡಿಯುವುದಿಲ್ಲ. ಏಕೆಂದು ತಿಳಿಯಲು ಡ್ರೈವರ್ ಎಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ವೈ-ಫೈ ಚಿಪ್ ಆಗಲಿ, ಗ್ರಾಫಿಕ್ಸ್ ಚಿಪ್ ಆಗಲಿ, ತನ್ನದೇ ಆದ ಸಂಕೇತಗಳಿಗೆ ಮಾತ್ರ ಓಗೊಡುತ್ತದೆ. ಆ ಸಂಕೇತಗಳನ್ನು ಬಲ್ಲ ತಂತ್ರಾಂಶವೇ ಡ್ರೈವರ್. ಚಿಪ್ ತಯಾರಿಸಿದವರು ಸಂಕೇತಗಳ ಕೈಪಿಡಿ ಕೊಟ್ಟರೆ ಯಾರು ಬೇಕಾದರೂ ಡ್ರೈವರ್ ಬರೆಯಬಹುದು. ತಾವೇ ಬರೆದು ಅದರ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರಿಸಿದರೆ ಇನ್ನೂ ಒಳ್ಳೆಯದು. ಕೆಲವರು ಮುಚ್ಚಿದ ಡ್ರೈವರ್ ಮಾತ್ರ ಕೊಡುತ್ತಾರೆ, ಅದನ್ನು ಹಾಕಿಕೊಳ್ಳಬಹುದೇ ಹೊರತು ಒಳಗೇನಿದೆ ಎಂದು ನೋಡುವಂತಿಲ್ಲ. ಏನನ್ನೂ ಕೊಡದವರೂ ಇದ್ದಾರೆ; ಆಗ ಯಾರೋ ಸ್ವಯಂಸೇವಕರು ಚಿಪ್ ಏನು ಹೇಳುತ್ತದೆ, ಏನು ಕೇಳುತ್ತದೆ ಎಂದು ತಿಂಗಳುಗಟ್ಟಲೆ ಗಮನಿಸಿ, ಊಹಿಸಿ, ಬರೆಯಬೇಕು.

ಅಂಗಡಿಯವರ ಬಾಯಲ್ಲಿ ಈ ಮೂರೂ "ಲಿನಕ್ಸ್‌ನಲ್ಲಿ ಓಡುತ್ತದೆ" ಎಂಬ ಒಂದೇ ಮಾತಾಗುತ್ತವೆ. ಬಾಳಿಕೆಯಲ್ಲಿ ಮಾತ್ರ ಅಜಗಜಾಂತರ. ಲಿನಕ್ಸ್ ಕರ್ನಲ್‌ನ ಹೊಸ ಆವೃತ್ತಿ ಒಂಬತ್ತು ಹತ್ತು ವಾರಕ್ಕೊಮ್ಮೆ ಬರುತ್ತದೆ. ಕರ್ನಲ್ ಮತ್ತು ಡ್ರೈವರ್‌ಗಳ ನಡುವಿನ ಒಳ ಏರ್ಪಾಡುಗಳನ್ನು ಅದರ ರೂವಾರಿಗಳು ಉದ್ದೇಶಪೂರ್ವಕವಾಗಿಯೇ ಸ್ಥಿರವಾಗಿಟ್ಟಿಲ್ಲ. ಅಗತ್ಯ ಬಿದ್ದಾಗಲೆಲ್ಲ ಬದಲಾಯಿಸುತ್ತಾರೆ. ಕರ್ನಲ್‌ನೊಳಗೇ ಇರುವ ಡ್ರೈವರ್ ಆದರೆ ಬದಲಾಯಿಸಿದವರೇ ಅದನ್ನೂ ಜೊತೆಯಲ್ಲಿ ತಿದ್ದುತ್ತಾರೆ. ಹೊರಗಿನ ಮುಚ್ಚಿದ ಡ್ರೈವರ್ ಆದರೆ ಕಂಪನಿ ಮನಸ್ಸು ಮಾಡಿದಾಗ ಮಾತ್ರ. ಕಂಪನಿಗೆ ಹಳೆಯ ಸರಕಿನಲ್ಲಿ ಲಾಭವಿಲ್ಲ. ಎನ್ವಿಡಿಯಾದ ಫರ್ಮಿ ತಲೆಮಾರಿನ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಬೇಕಾದ 390 ಸರಣಿಯ ಡ್ರೈವರ್‌ಗೆ ಬೆಂಬಲ 2022ರ ಕೊನೆಗೆ ಮುಗಿಯಿತು. ಕಾರ್ಡ್ ಕೆಟ್ಟಿರಲಿಲ್ಲ, ಡ್ರೈವರ್ ಮುಂದುವರಿಯಲಿಲ್ಲ ಅಷ್ಟೆ. ಅದೇ ಕಾಲದ ಎಎಂಡಿ ಕಾರ್ಡ್‌ಗಳ ಡ್ರೈವರ್ ಕರ್ನಲ್‌ನೊಳಗೆ ಉಳಿದುಕೊಂಡಿದೆ. ನಮ್ಮ ಮೇಷ್ಟ್ರ ಹತ್ತು ವರ್ಷದ ಲೆಕ್ಕಕ್ಕೆ ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿಲ್ಲ.

ಪ್ರಿಂಟರ್ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಮುಕ್ತ ತಂತ್ರಾಂಶ ಚಳವಳಿಯ ಮೂಲವೇ ಒಂದು ಪ್ರಿಂಟರ್. 1980ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸೂಚನೆ ಹೋಗುವಂತೆ ಅದರ ತಂತ್ರಾಂಶವನ್ನು ತಿದ್ದಲು ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ ಬಯಸಿದರು. ಹಳೆಯ ಪ್ರಿಂಟರಿಗೆ ಅವರು ಅದನ್ನೇ ಮಾಡಿದ್ದರು. ಹೊಸದರ ಮೂಲ ಸಂಕೇತ ಇದ್ದವರು ಕೊಡಲು ಒಪ್ಪಲಿಲ್ಲ. ಆ ಕಹಿಯನ್ನು ಅವರು ಮರೆಯಲಿಲ್ಲ. 1983ರಲ್ಲಿ ಪೂರ್ತಿ ಮುಕ್ತವಾದ ಓಎಸ್ ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದರು. ನಾಲ್ಕು ದಶಕಗಳ ನಂತರ ಅದೇ ಪಾಡು ನಮ್ಮ ಓದುಮನೆಗೂ ಬಂತು. ದಾನಿಯೊಬ್ಬರು ಒಳ್ಳೆಯ ಮನಸ್ಸಿನಿಂದ ತಂದುಕೊಟ್ಟ ಪ್ರಿಂಟರ್ ಒಂದು ಪುಟವನ್ನೂ ಮುದ್ರಿಸಲಿಲ್ಲ. ಕಂಪನಿಯ ಹೆಸರು ಇಲ್ಲಿ ಬೇಡ. ಅದು ತಾನಾಗಿ ಅಕ್ಷರ, ಚಿತ್ರ ಯಾವುದನ್ನೂ ಅರ್ಥ ಮಾಡಿಕೊಳ್ಳದ ಜಾತಿಯದ್ದು. ಪುಟವನ್ನು ಚುಕ್ಕೆಚುಕ್ಕೆಯಾಗಿ ಸಿದ್ಧಪಡಿಸುವ ಕೆಲಸವೆಲ್ಲ ಕಂಪ್ಯೂಟರಿನದ್ದೇ, ಅದನ್ನು ಕಂಪನಿಯ ಗುಟ್ಟಿನ ಭಾಷೆಯಲ್ಲಿ ಕಳಿಸಬೇಕು. ಪ್ರಿಂಟರಿನೊಳಗಿನ ಪ್ರೊಸೆಸರ್, ಮೆಮೊರಿ ಉಳಿಸಿ ಬೆಲೆ ಇಳಿಸುವ ಉಪಾಯ ಇದು. ಆ ಭಾಷೆಯನ್ನು ಬಲ್ಲ ಡ್ರೈವರ್ ನಮ್ಮ ಯಂತ್ರಗಳಿಗೆ ಸಿಗಲಿಲ್ಲ.

ಈಗ ಇದಕ್ಕೆ ಒಳ್ಳೆಯ ಪರಿಹಾರವಿದೆ ಎಂಬುದೇ ಸಮಾಧಾನ. ಏರ್‌ಪ್ರಿಂಟ್, ಐಪಿಪಿ ಎವೆರಿವೇರ್ ಎಂಬ ಸಾಮಾನ್ಯ ಭಾಷೆಗಳನ್ನು ಬಲ್ಲ ನೆಟ್‌ವರ್ಕ್ ಪ್ರಿಂಟರ್‌ಗಳಿಗೆ ಪ್ರತ್ಯೇಕ ಡ್ರೈವರ್ ಬೇಕಿಲ್ಲ. ಲಿನಕ್ಸ್‌ನ ಮುದ್ರಣ ವ್ಯವಸ್ಥೆಯಾದ ಕಪ್ಸ್ ಅವುಗಳನ್ನು ತಾನೇ ಪತ್ತೆ ಹಚ್ಚಿ ಮಾತನಾಡಿಸುತ್ತದೆ. ಪೆಟ್ಟಿಗೆಯ ಮೇಲೆ "ಏರ್‌ಪ್ರಿಂಟ್" ಎಂದಿದ್ದರೆ ಅದು ಐಫೋನ್ ಇರುವವರಿಗಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ಲಿನಕ್ಸ್ ಬಳಸುವವರಿಗೂ ಅದೇ ಶುಭ ಶಕುನ. ಎಚ್‌ಪಿ ಕಂಪನಿ ತನ್ನ ಪ್ರಿಂಟರ್‌ಗಳಿಗೆ ಎಚ್‌ಪಿಎಲ್‌ಐಪಿ ಎಂಬ ಡ್ರೈವರ್ ಸಂಗ್ರಹವನ್ನು ಮುಕ್ತವಾಗಿ ನೀಡುತ್ತದೆ, ಆದರೆ ಕೆಲವು ಅಗ್ಗದ ಲೇಸರ್ ಮಾದರಿಗಳಿಗೆ ಅದರ ಮೇಲೊಂದು ಮುಚ್ಚಿದ ಪ್ಲಗ್‌ಇನ್ ಬೇಕಾಗುತ್ತದೆ. ಹಾಗಾಗಿ ಕಂಪನಿಯ ಹೆಸರಿನ ಮೇಲೆ ಭರವಸೆ ಇಟ್ಟರೆ ಸಾಲದು, ಮಾದರಿಯ ಸಂಖ್ಯೆ ಹಿಡಿದು ನೋಡಬೇಕು.

ಮಾದರಿಯ ಸಂಖ್ಯೆಯೂ ಕೈಕೊಡುತ್ತದೆ. ಲಿನಕ್ಸ್ ಬಳಸುವವರೆಲ್ಲ ಬಲ್ಲ ಉದಾಹರಣೆ ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಎಂಬ ಯುಎಸ್‌ಬಿ ವೈ-ಫೈ ಕಡ್ಡಿ. ಅದರ ಮೊದಲ ಆವೃತ್ತಿಯಲ್ಲಿದ್ದದ್ದು ಅಥೆರೋಸ್‌ನ ಎಆರ್9271 ಚಿಪ್. ಅದರ ಡ್ರೈವರ್ ಕರ್ನಲ್‌ನಲ್ಲಿದೆ, ಚಿಪ್‌ನೊಳಗೆ ಓಡುವ ಫರ್ಮ್‌ವೇರ್ ಕೂಡ ಮುಕ್ತ. ಇಡೀ ಜಗತ್ತಿನಲ್ಲಿ ಇಷ್ಟು ತೆರೆದ ವೈ-ಫೈ ಚಿಪ್‌ಗಳು ಬೆರಳೆಣಿಕೆಯಷ್ಟು. ಎರಡನೇ ಆವೃತ್ತಿಗೆ ಬರುವಾಗ ಒಳಗೆ ರಿಯಲ್‌ಟೆಕ್‌ನ ಬೇರೆಯೇ ಚಿಪ್ ಕುಳಿತಿತ್ತು. ಮಾದರಿಯ ಸಂಖ್ಯೆ ಹಳೆಯದೇ. ವ್ಯತ್ಯಾಸ ತಿಳಿಯುವುದು ಲೇಬಲ್ ಮೇಲಿನ ಸಣ್ಣ ಅಕ್ಷರದ ಆವೃತ್ತಿ ಸಂಖ್ಯೆಯಿಂದ ಮಾತ್ರ. ಲ್ಯಾಪ್‌ಟಾಪ್‌ಗಳಲ್ಲೂ ಹೀಗೆಯೇ: ಒಂದೇ ಮಾದರಿ ಒಂದು ಬ್ಯಾಚ್‌ನಲ್ಲಿ ಇಂಟೆಲ್ ವೈ-ಫೈ ಕಾರ್ಡ್‌ನೊಂದಿಗೂ ಇನ್ನೊಂದು ಬ್ಯಾಚ್‌ನಲ್ಲಿ ಬೇರೆ ಕಾರ್ಡ್‌ನೊಂದಿಗೂ ಬರಬಹುದು. "ನನ್ನ ಗೆಳೆಯ ಇದನ್ನೇ ಕೊಂಡಿದ್ದಾನೆ, ಚೆನ್ನಾಗಿದೆ" ಎಂಬ ಮಾತನ್ನು ನಂಬಿ ಕೆಟ್ಟವರು ಇದ್ದಾರೆ.

ಸಾಮಾನ್ಯವಾಗಿ ಹೇಳುವುದಾದರೆ ಇಂಟೆಲ್ ವೈ-ಫೈ ಕಾರ್ಡ್‌ಗಳು ನಿಶ್ಚಿಂತೆಯವು. ಮೀಡಿಯಾಟೆಕ್‌ನ ಅನೇಕ ಚಿಪ್‌ಗಳಿಗೆ ಎಂಟಿ76 ಎಂಬ ಮುಕ್ತ ಡ್ರೈವರ್ ಕರ್ನಲ್‌ನಲ್ಲೇ ಇದೆ. ರಿಯಲ್‌ಟೆಕ್ ಒಂದು ಕಾಲದ ತಲೆನೋವು. ಈಗ ಅದರ ಲ್ಯಾಪ್‌ಟಾಪ್ ಚಿಪ್‌ಗಳ ಸ್ಥಿತಿ ಸುಧಾರಿಸಿದೆ, ಅಗ್ಗದ ಯುಎಸ್‌ಬಿ ಕಡ್ಡಿಗಳಲ್ಲಿ ಮಾತ್ರ ಎಚ್ಚರ ಬೇಕು. ಬ್ರಾಡ್‌ಕಾಮ್ ಚಿಪ್ ಇರುವ ಹಳೆಯ ಲ್ಯಾಪ್‌ಟಾಪ್ ಸಿಕ್ಕಿದರೆ, ಕಾರ್ಡ್ ಬಿಚ್ಚಿ ಬೇರೆ ಹಾಕಲು ಸಾಧ್ಯವೇ ಎಂದು ಮೊದಲೇ ನೋಡಿಕೊಳ್ಳುವುದು ಲೇಸು.

ಇಲ್ಲೊಂದು ತತ್ವದ ಪ್ರಶ್ನೆ ಏಳುತ್ತದೆ. ಇಂಟೆಲ್ ವೈ-ಫೈ ಡ್ರೈವರ್ ಮುಕ್ತವಾದರೂ, ಚಿಪ್ ಎದ್ದು ಕೂರಲು ಅದಕ್ಕೆ ಮುಚ್ಚಿದ ಫರ್ಮ್‌ವೇರ್ ಕಡತವೊಂದನ್ನು ಉಣಿಸಬೇಕು. ಇದನ್ನು ಒಪ್ಪಬೇಕೇ? ಸ್ಟಾಲ್ಮನ್ ಕಟ್ಟಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಒಪ್ಪುವುದಿಲ್ಲ. ಅದು "ರೆಸ್ಪೆಕ್ಟ್ಸ್ ಯುವರ್ ಫ್ರೀಡಂ" ಎಂಬ ಮುದ್ರೆ ಕೊಡುವ ಸಾಧನಗಳ ಪಟ್ಟಿ ಚಿಕ್ಕದು. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯನ್ನು ಸಿದ್ಧಪಡಿಸುವ ಬಳಗವೂ ಬಹುಕಾಲ ಇಂಥ ಕಡತಗಳನ್ನು ತನ್ನ ಅಧಿಕೃತ ಅನುಸ್ಥಾಪನಾ ಡಿಸ್ಕ್‌ನಿಂದ ಹೊರಗಿಟ್ಟಿತ್ತು. 2022ರಲ್ಲಿ ಮತಕ್ಕೆ ಹಾಕಿ ಸೇರಿಸಲು ನಿರ್ಧರಿಸಿತು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಅದು ಜಾರಿಗೆ ಬಂತು. ನಾನು ಡೆಬಿಯನ್ ನಿರ್ಧಾರದ ಪರ. ಹದಿನಾಲ್ಕು ವರ್ಷದ ಹುಡುಗಿಗೆ ಮೊದಲ ದಿನವೇ ವೈ-ಫೈ ಸಿಗದಿದ್ದರೆ ಆಕೆ ಮುಕ್ತ ತಂತ್ರಾಂಶದ ಕಡೆ ಮತ್ತೆ ತಲೆ ಹಾಕುವುದಿಲ್ಲ. ಆದರೆ ಫೌಂಡೇಶನ್ ಹಟ ಹಿಡಿಯದಿದ್ದರೆ ಎಆರ್9271ರ ಫರ್ಮ್‌ವೇರಿನಂಥ ವಸ್ತುವಿಗೆ ಬೆಲೆಯೇ ಇರುತ್ತಿರಲಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಯಾವುದು ಮುಚ್ಚಿದ ಭಾಗ ಎಂದು ತಿಳಿದೇ ಖರೀದಿಸುವುದಕ್ಕೂ ತಿಳಿಯದೆ ಖರೀದಿಸುವುದಕ್ಕೂ ವ್ಯತ್ಯಾಸವಿದೆ.

ಗ್ರಾಫಿಕ್ಸ್ ಕಾರ್ಡಿನ ಕಥೆ ಹೆಚ್ಚು ಪ್ರಸಿದ್ಧ. 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಮಾತನಾಡುತ್ತ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್, ತಾವು ವ್ಯವಹರಿಸಿದ ಕಂಪನಿಗಳಲ್ಲೆಲ್ಲ ಎನ್ವಿಡಿಯಾ ಅತಿ ಕೆಟ್ಟದ್ದು ಎಂದು ಬಹಿರಂಗವಾಗಿ ಬೈದಿದ್ದರು. ಅದರ ಕಾರ್ಡ್‌ಗಳಿಗೆ ಸ್ವಯಂಸೇವಕರು ಬರೆದ ನೂವೋ ಡ್ರೈವರ್ ಇತ್ತು. ಆದರೆ 2014ರಲ್ಲಿ ಬಂದ 900 ಸರಣಿಯಿಂದ ಕಂಪನಿ ಸಹಿ ಹಾಕಿದ ಫರ್ಮ್‌ವೇರ್ ಕಡ್ಡಾಯವಾಯಿತು. ಅದಿಲ್ಲದೆ ಕಾರ್ಡನ್ನು ಪೂರ್ಣ ವೇಗಕ್ಕೆ ಏರಿಸಲು ನೂವೋ ಡ್ರೈವರ್‌ಗೆ ಆಗಲಿಲ್ಲ. ದುಡ್ಡು ಕೊಟ್ಟು ಕೊಂಡ ಕಾರ್ಡ್ ನಮ್ಮದು, ಬೀಗದ ಕೈ ಅವರ ಬಳಿ. 2022ರ ಮೇ ತಿಂಗಳಲ್ಲಿ ಎನ್ವಿಡಿಯಾ ತನ್ನ ಟ್ಯೂರಿಂಗ್ ಮತ್ತು ನಂತರದ ಕಾರ್ಡ್‌ಗಳ ಕರ್ನಲ್ ಭಾಗದ ಡ್ರೈವರನ್ನು ಮುಕ್ತಗೊಳಿಸಿತು. ದೊಡ್ಡ ಹೆಜ್ಜೆಯೇ ಸರಿ, ಆದರೂ ಕೆಲಸದ ಬಹುಪಾಲು ಮುಚ್ಚಿದ ಫರ್ಮ್‌ವೇರ್ ಒಳಗೆ ಸರಿದಿದೆ. ಚಿತ್ರ ಬಿಡಿಸುವ ಓಪನ್‌ಜಿಎಲ್, ಕಾರ್ಡಿನ ಮೇಲೆ ಲೆಕ್ಕಾಚಾರ ನಡೆಸುವ ಕ್ಯೂಡಾ, ಕಂಪನಿಯ ಈ ಭಾಗಗಳು ಇನ್ನೂ ಮುಚ್ಚಿವೆ. ಕ್ಯೂಡಾ ಇಲ್ಲದೆ ಕೆಲಸ ಸಾಗದ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಎನ್ವಿಡಿಯಾ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಉಳಿದವರಿಗೆ ಇಂಟೆಲ್‌ನ ಒಳಗಿನ ಗ್ರಾಫಿಕ್ಸ್ ಅಥವಾ ಎಎಂಡಿ ಸಾಕು. ಎಎಂಡಿ 2007ರಲ್ಲೇ ಕೈಪಿಡಿಗಳನ್ನು ಹೊರಗಿಡಲು ಶುರು ಮಾಡಿತು, 2015ರಿಂದ ಅದರ ಎಎಂಡಿಜಿಪಿಯು ಡ್ರೈವರ್ ಕರ್ನಲ್‌ನಲ್ಲಿದೆ.

ಈ ಮೂರೂ ಕಂಪನಿಗಳಿಗೆ ಬೆಂಗಳೂರಿನಲ್ಲಿ ದೊಡ್ಡ ಅಭಿವೃದ್ಧಿ ಕೇಂದ್ರಗಳಿವೆ. ಎಎಂಡಿ 2023ರ ನವೆಂಬರ್‌ನಲ್ಲಿ ಇಲ್ಲಿ ತೆರೆದದ್ದು ಜಗತ್ತಿನಲ್ಲೇ ಅದರ ಅತಿ ದೊಡ್ಡ ವಿನ್ಯಾಸ ಕೇಂದ್ರ. ಡ್ರೈವರ್ ಬರೆಯುವವರು ನಮ್ಮ ಮೆಟ್ರೋದಲ್ಲಿ ನಮ್ಮ ಪಕ್ಕದಲ್ಲೇ ನಿಂತಿರಬಹುದಾದ ಊರಿದು. ಈ ಊರಿನ ಅಂಗಡಿಯಲ್ಲಿ ಡ್ರೈವರ್ ಬಗ್ಗೆ ಕೇಳಿದರೆ ಉತ್ತರ ಸಿಗುವುದಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಹೊಸದು, ದುಬಾರಿಯದು ಕೊಂಡರೆ ಇದೆಲ್ಲ ತಪ್ಪುತ್ತದೆ ಎಂದು ಭಾವಿಸಬೇಡಿ. ಹಲವು ಸಲ ಹೊಸದೇ ಹೆಚ್ಚು ಕಾಡುತ್ತದೆ. ಇಂಟೆಲ್‌ನ 12ನೇ ತಲೆಮಾರಿನಿಂದೀಚೆಗೆ ಕೆಲವು ದುಬಾರಿ ತೆಳು ಲ್ಯಾಪ್‌ಟಾಪ್‌ಗಳ ಕ್ಯಾಮೆರಾ ಹಳೆಯ ಯುಎಸ್‌ಬಿ ಪದ್ಧತಿ ಬಿಟ್ಟು ಐಪಿಯು6 ಎಂಬ ಚಿತ್ರ ಸಂಸ್ಕರಣಾ ಘಟಕದ ಮೂಲಕ ಕೆಲಸ ಮಾಡುತ್ತದೆ. ಅದಕ್ಕೆ ಕರ್ನಲ್‌ನೊಳಗೆ ಡ್ರೈವರ್ ಸೇರಲು 2024ರ 6.10 ಆವೃತ್ತಿವರೆಗೆ ಕಾಯಬೇಕಾಯಿತು. ಅದೂ ಒಂದು ಭಾಗ ಮಾತ್ರ. ಅಲ್ಲಿಯವರೆಗೆ ಲಕ್ಷ ರೂಪಾಯಿಯ ಲ್ಯಾಪ್‌ಟಾಪ್ ಇದ್ದವರು ಪ್ರತ್ಯೇಕ ವೆಬ್‌ಕ್ಯಾಮ್ ಸಿಕ್ಕಿಸಿಕೊಂಡು ಕೂರಬೇಕಾಗಿತ್ತು. ನಿದ್ರೆಯ ಸಮಸ್ಯೆಯೂ ಇದೇ ಬಗೆಯದು. ಹಳೆಯ ಯಂತ್ರಗಳು ಮುಚ್ಚಿದಾಗ ಎಸ್3 ಎಂಬ ಗಾಢ ನಿದ್ರೆಗೆ ಇಳಿಯುತ್ತಿದ್ದವು. ಹೊಸ ಯಂತ್ರಗಳಲ್ಲಿ ಅದನ್ನು ತೆಗೆದು, ಮೊಬೈಲಿನಂತೆ ಅರೆನಿದ್ರೆಯಲ್ಲಿರುವ ಪದ್ಧತಿ ತಂದಿದ್ದಾರೆ. ಒಳಗಿನ ಒಂದೇ ಒಂದು ಚಿಪ್ ಮಲಗಲು ಒಪ್ಪದಿದ್ದರೂ ಬ್ಯಾಗಿನೊಳಗೆ ಬ್ಯಾಟರಿ ಕರಗುತ್ತದೆ. ಬೆರಳಚ್ಚು ಓದುವ ಸಾಧನಗಳಲ್ಲಿ ಬಹಳಷ್ಟಕ್ಕೆ ಇನ್ನೂ ಡ್ರೈವರ್ ಇಲ್ಲ. ಕ್ವಾಲ್‌ಕಾಮ್‌ನ ಸ್ನಾಪ್‌ಡ್ರ್ಯಾಗನ್ ಎಕ್ಸ್ ಚಿಪ್‌ನ ಲ್ಯಾಪ್‌ಟಾಪ್‌ಗಳು 2024ರಲ್ಲಿ ಬಂದವು. ಲಿನಕ್ಸ್‌ಗಾಗಿಯೇ ಕೊಳ್ಳುವವರು ಸದ್ಯಕ್ಕೆ ಅವುಗಳಿಂದ ದೂರವಿರುವುದು ಒಳಿತು. ಆಪಲ್‌ನ ಎಂ1, ಎಂ2 ಯಂತ್ರಗಳಲ್ಲಿ ಆಸಾಹಿ ಲಿನಕ್ಸ್ ಬಳಗ ಅದ್ಭುತ ಕೆಲಸ ಮಾಡಿದೆ, ಆದರೆ ಅದು ಕಂಪನಿಯ ಕೈಪಿಡಿ ಇಲ್ಲದೆ ಮಾಡಿದ ತಪಸ್ಸು. ಮಾರುಕಟ್ಟೆಗೆ ಬಂದು ಒಂದು ವರ್ಷವಾದರೂ ಕಳೆದ ಮಾದರಿಯನ್ನೇ ಕೊಳ್ಳಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಹೊಸದೇ ಬೇಕೆಂದರೆ, ಇನ್ನೊಂದು ಲಿನಕ್ಸ್ ವಿತರಣೆಯಾದ ಉಬುಂಟು ಪ್ರಮಾಣಿಸಿದ ಯಂತ್ರಗಳ ಪಟ್ಟಿಯನ್ನು ನೋಡಬಹುದು. ಡೆಲ್ 2012ರಲ್ಲೇ ಉಬುಂಟು ತುಂಬಿದ ಎಕ್ಸ್‌ಪಿಎಸ್ 13 ಹೊರತಂದಿತ್ತು, ಲೆನೊವೊ 2020ರಿಂದ ಕೆಲವು ಥಿಂಕ್‌ಪ್ಯಾಡ್‌ಗಳನ್ನು ಫೆಡೋರಾ ಎಂಬ ಮತ್ತೊಂದು ವಿತರಣೆಯೊಂದಿಗೆ ಮಾರಿದೆ. ಇನ್ನೊಂದು ಒಳ್ಳೆಯ ಗುರುತು ಎಲ್‌ವಿಎಫ್‌ಎಸ್ ಎಂಬ ಸೇವೆ. ಯಂತ್ರವನ್ನು ಮೊದಲು ಏಳಿಸುವ ತಂತ್ರಾಂಶವಾದ ಬಯಾಸ್‌ನ ನವೀಕರಣವನ್ನು ಲಿನಕ್ಸ್‌ನಿಂದಲೇ ಹಾಕಿಕೊಳ್ಳಲು ಅದು ನೆರವಾಗುತ್ತದೆ, ಡೆಲ್, ಲೆನೊವೊ, ಎಚ್‌ಪಿ ಅದರಲ್ಲಿ ಪಾಲ್ಗೊಂಡಿವೆ. ಸಹಿ ಇರುವ ಓಎಸ್ ಮಾತ್ರ ಏಳುವಂತೆ ನೋಡಿಕೊಳ್ಳುವ ಸೆಕ್ಯೂರ್ ಬೂಟ್‌ಗೆ ಬಳಸುವ ಮೈಕ್ರೋಸಾಫ್ಟ್‌ನ 2011ರ ಪ್ರಮಾಣಪತ್ರಗಳ ಅವಧಿ 2026ರಲ್ಲಿ ಮುಗಿಯುವುದರಿಂದ, ಹೊಸ ಕೀಲಿಗಳನ್ನು ಪಡೆಯುವ ದಾರಿ ಇರುವ ಯಂತ್ರಕ್ಕೆ ಈಗ ಹೆಚ್ಚು ಬೆಲೆ. ಬಯಾಸ್‌ಗಿಂತಲೂ ಕೆಳಗೆ ಇಂಟೆಲ್‌ನ ಮ್ಯಾನೇಜ್‌ಮೆಂಟ್ ಎಂಜಿನ್‌ನಂಥ ಮುಚ್ಚಿದ ಪದರಗಳಿವೆ. ಬಯಾಸನ್ನೇ ಮುಕ್ತಗೊಳಿಸುವ ಕೋರ್‌ಬೂಟ್, ಲಿಬ್ರೆಬೂಟ್ ಯೋಜನೆಗಳೂ ಇವೆ. 2018ರ ಥಿಂಕ್‌ಪ್ಯಾಡ್ ಟಿ480ಕ್ಕೆ ಲಿಬ್ರೆಬೂಟ್ ಬೆಂಬಲ 2024ರ ಡಿಸೆಂಬರ್‌ನಲ್ಲಿ ಬಂದಿತು. ಓದುಮನೆಗೆ ಅಷ್ಟು ಆಳಕ್ಕೆ ಇಳಿಯಲಿಲ್ಲ.

ಯಂತ್ರವನ್ನೇ ತೆರೆದಿಡುವ ಕನಸನ್ನು ಬೆಂಗಳೂರು ಒಮ್ಮೆ ಕಂಡಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್ಕೋರ್ ಕಂಪನಿಯ ತಂತ್ರಜ್ಞರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಅಂಗೈಯಲ್ಲಿ ಹಿಡಿಯುವ, ಲಿನಕ್ಸ್ ಮೇಲೆ ಓಡುವ, ಓದು ಬರಹ ಬಾರದವರೂ ಬಳಸಬಹುದಾದ ಗಣಕ ಅದು. ಅದರ ಯಂತ್ರ ವಿನ್ಯಾಸವನ್ನೂ ಪರವಾನಗಿಯ ಮೂಲಕ ಬೇರೆಯವರಿಗೆ ತೆರೆದಿಡುವ ಏರ್ಪಾಡಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿಂದ ಅಮಿಡಾ ಸಿಂಪ್ಯೂಟರ್ ಹೊರಬಂತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಅದನ್ನು ಸೋತ ಯಂತ್ರವೆಂದು ನೆನೆಯುವವರೇ ಹೆಚ್ಚು. ಯಂತ್ರದ ಗುಟ್ಟನ್ನು ಕೊಳ್ಳುವವನಿಂದ ಮುಚ್ಚಿಡಬೇಕಾಗಿಲ್ಲ ಎಂದು ಈ ಊರಿನವರು ಇಷ್ಟು ಹಿಂದೆಯೇ ಯೋಚಿಸಿದ್ದರು ಎಂಬ ಕಾರಣಕ್ಕೆ ನಾನು ಅದನ್ನು ನೆನೆಯುತ್ತೇನೆ.

ಒಗ್ಗುವ ಯಂತ್ರ ಸಿಕ್ಕರೂ ಎಲ್ಲ ಕೆಲಸಗಳೂ ಸಲೀಸಾಗುತ್ತವೆ ಎಂದು ಹೇಳಲಾರೆ. ಕನ್ನಡ ಟೈಪಿಂಗ್‌ಗೆ ಕೊರತೆಯಿಲ್ಲ, ಕೆ.ಪಿ. ರಾವ್ ವಿನ್ಯಾಸವನ್ನು ಅನುಸರಿಸುವ ಕೀಲಿಮಣೆ ಲಿನಕ್ಸ್‌ನಲ್ಲೂ ಸಿಗುತ್ತದೆ, ಯೂನಿಕೋಡ್ ಫಾಂಟ್‌ಗಳೂ ಇವೆ. ಆದರೆ ಕಚೇರಿಗಳಿಂದ ಬರುವ ಹಳೆಯ ನುಡಿ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಬೆಂಗಳೂರಿನಲ್ಲೇ ತಯಾರಾಗುವ ಟ್ಯಾಲಿ ವಿಂಡೋಸ್‌ಗಾಗಿ ಬರೆದ ತಂತ್ರಾಂಶ, ಲೆಕ್ಕಪತ್ರದ ಕಚೇರಿಗೆ ಇದು ಸಣ್ಣ ಅಡ್ಡಿಯಲ್ಲ. ಡಿಜಿಟಲ್ ಸಹಿಯ ಟೋಕನ್ ಬಳಸುವವರು ಅದರ ಮಾದರಿಗೆ ಲಿನಕ್ಸ್ ಬೆಂಬಲವಿದೆಯೇ ಎಂದು ಕೊಳ್ಳುವ ಮುನ್ನ ನೋಡಬೇಕು. ಇಪಾಸ್2003 ಮಾದರಿಯ ಟೋಕನ್‌ಗೆ ಓಪನ್‌ಎಸ್‌ಸಿ ಎಂಬ ಮುಕ್ತ ತಂತ್ರಾಂಶದಲ್ಲಿ ಬೆಂಬಲವಿದೆ.

ಇನ್ನು ಅಂಗಡಿಯಲ್ಲಿ ಏನು ಮಾಡಬೇಕು? ಉಬುಂಟುವಿನದ್ದೋ ಫೆಡೋರಾದ್ದೋ ಹೊಸ ಆವೃತ್ತಿಯನ್ನು ತುಂಬಿದ ಪೆನ್‌ಡ್ರೈವ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಯಂತ್ರದ ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ನೋಡಬಹುದು. ಹೊಸ ಪೆಟ್ಟಿಗೆ ಒಡೆಯಲು ಅಂಗಡಿಯವರು ಒಪ್ಪದಿರಬಹುದು, ಸೆಕೆಂಡ್ ಹ್ಯಾಂಡ್ ಮಾರುವವರು ಸಾಮಾನ್ಯವಾಗಿ ಒಪ್ಪುತ್ತಾರೆ. ಅವರ ಮೊಬೈಲಿನ ಹಾಟ್‌ಸ್ಪಾಟ್‌ಗೆ ವೈ-ಫೈ ಸೇರಿಸಿ, ಕ್ಯಾಮೆರಾ ತೆರೆಯಿರಿ, ಮೈಕ್‌ನಲ್ಲಿ ಎರಡು ಮಾತು ದಾಖಲಿಸಿ ಕೇಳಿ, ಬೆಳಕಿನ ಗುಂಡಿಗಳನ್ನು ಒತ್ತಿ. ಮುಚ್ಚಳ ಮುಚ್ಚಿ ಹತ್ತು ನಿಮಿಷ ಟೀ ಕುಡಿದು ಬಂದು ತೆರೆಯಿರಿ. ಎದ್ದಿತೇ, ಬಿಸಿಯಾಗಿದೆಯೇ, ಬ್ಯಾಟರಿ ಎಷ್ಟು ಇಳಿಯಿತು ನೋಡಿ. ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ (lspci -nn) ಎಂಬ ಆಜ್ಞೆ ಕೊಟ್ಟರೆ ಒಳಗಿನ ಚಿಪ್‌ಗಳ ಪಟ್ಟಿ ಬರುತ್ತದೆ. ಪ್ರತಿ ತಯಾರಕರಿಗೂ ಒಂದು ಸಂಕೇತ ಸಂಖ್ಯೆ ಇದೆ. ಎಎಂಡಿ ಗ್ರಾಫಿಕ್ಸ್‌ನದ್ದು 1002. ಇಂಟೆಲ್‌ನದ್ದು 8086, ಅದರ ಪ್ರಖ್ಯಾತ ಹಳೆಯ ಪ್ರೊಸೆಸರಿನ ಹೆಸರೇ. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಈ ಸಂಖ್ಯೆ ಸುಳ್ಳಾಡುವುದು ಅಪರೂಪ.

ಕಚೇರಿಗಳಿಂದ ಬಂದ ಯಂತ್ರಗಳಲ್ಲಿ ಇನ್ನೊಂದು ಬಲೆ ಇದೆ: ಬಯಾಸ್ ಪಾಸ್‌ವರ್ಡ್. ಹಿಂದಿನ ಕಂಪನಿ ಹಾಕಿದ ಪಾಸ್‌ವರ್ಡ್ ಹಾಗೆಯೇ ಉಳಿದಿದ್ದರೆ ಪೆನ್‌ಡ್ರೈವ್‌ನಿಂದ ಏಳಿಸಲೂ ಆಗದಿರಬಹುದು. ನಮಗೆ ತೋರಿಸಿದ ಎಂಟರಲ್ಲಿ ಎರಡು ಹೀಗಿದ್ದವು, ಬಿಟ್ಟು ಬಂದೆವು. ಮತ್ತೊಂದರಲ್ಲಿ ಎಸ್‌ಎಸ್‌ಡಿ ಕಾಣಲೇ ಇಲ್ಲ. ಬಯಾಸ್‌ನಲ್ಲಿ ಡಿಸ್ಕ್ ಕ್ರಮ ಆರ್‌ಎಸ್‌ಟಿ (ಇಂಟೆಲ್‌ನದೇ ಪದ್ಧತಿ) ಎಂದಿತ್ತು, ಎಎಚ್‌ಸಿಐ (ಸಾಮಾನ್ಯ ಪದ್ಧತಿ) ಎಂದು ಬದಲಾಯಿಸಿದ ಕೂಡಲೇ ಕಂಡಿತು. ಅಂಗಡಿಯ ಹುಡುಗ ಇದನ್ನು ಆಸಕ್ತಿಯಿಂದ ನೋಡಿ ತನ್ನ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ.

ಒಬ್ಬೊಬ್ಬರೇ ಹೀಗೆ ಪೆನ್‌ಡ್ರೈವ್ ಹಿಡಿದು ಅಲೆಯುವುದರಿಂದ ಮಾರುಕಟ್ಟೆ ಬದಲಾಗದು ಎಂಬುದು ನನಗೆ ಗೊತ್ತು. ಬದಲಾಯಿಸುವ ಶಕ್ತಿ ಇರುವುದು ಒಟ್ಟಿಗೆ ಕೊಳ್ಳುವವರಿಗೆ. ಕೇರಳದ ಸರ್ಕಾರಿ ಶಾಲೆಗಳು ದಶಕಕ್ಕೂ ಹೆಚ್ಚು ಕಾಲದಿಂದ ಮುಕ್ತ ತಂತ್ರಾಂಶದ ಮೇಲೆ ನಡೆಯುತ್ತಿವೆ. ಅಷ್ಟು ದೊಡ್ಡ ಗಿರಾಕಿಗೆ ಒಗ್ಗದ ಯಂತ್ರ ಮಾರಲು ಯಾವ ಕಂಪನಿಗೂ ಕಷ್ಟ. ಕೇಂದ್ರ ಸರ್ಕಾರವು 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿತು, ಆದರೆ ಅದರ ಗಮನ ತಂತ್ರಾಂಶದ ಮೇಲೆ. ಯಂತ್ರ ಕೊಳ್ಳುವ ಟೆಂಡರಿನಲ್ಲಿ "ವೈ-ಫೈ, ಗ್ರಾಫಿಕ್ಸ್, ಕ್ಯಾಮೆರಾಗಳ ಡ್ರೈವರ್ ಮೂಲ ಲಿನಕ್ಸ್ ಕರ್ನಲ್‌ನಲ್ಲೇ ಇರಬೇಕು, ಪ್ರಿಂಟರ್ ಪ್ರತ್ಯೇಕ ಡ್ರೈವರ್ ಇಲ್ಲದೆ ಮುದ್ರಿಸಬೇಕು" ಎಂಬ ಎರಡು ಸಾಲು ಸೇರಿಸಲು ಯಾವ ಹೊಸ ಕಾನೂನೂ ಬೇಕಿಲ್ಲ. ಹತ್ತು ಯಂತ್ರ ಕೊಳ್ಳುವ ಕಾಲೇಜು, ನೂರು ಕೊಳ್ಳುವ ಗ್ರಂಥಾಲಯ, ತಮ್ಮ ಖರೀದಿ ಆದೇಶದಲ್ಲಿ ಇಂದೇ ಬರೆಯಬಹುದು. ಬರೆಯಲು ನೆರವು ಬೇಕಾದರೆ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದಂಥ ಬಳಗ ಈ ಊರಿನಲ್ಲೇ ಇದೆ.

ಓದುಮನೆಗೆ ಕೊನೆಗೆ ಐದು ಹಳೆಯ ಲ್ಯಾಪ್‌ಟಾಪ್‌ಗಳು ಬಂದವು. ಆರನೆಯದರ ಹಣವನ್ನು ಮೇಷ್ಟ್ರು ಪ್ರಿಂಟರಿಗೆಂದು ಎತ್ತಿಟ್ಟಿದ್ದಾರೆ. ಯಾವ ಮಾದರಿ ಎಂದು ನಾವಿಬ್ಬರೂ ಗುರುತು ಹಾಕಿಕೊಂಡಿದ್ದೇವೆ. ಈ ಸಲ ಒಂದು ಲ್ಯಾಪ್‌ಟಾಪನ್ನು ಅಂಗಡಿಗೇ ಹೊತ್ತುಕೊಂಡು ಹೋಗಿ, ಅಲ್ಲೇ ಒಂದು ಪುಟ ಕನ್ನಡ ಮುದ್ರಿಸಿ ನೋಡಿದ ಮೇಲೆಯೇ ಬಿಲ್ ಹಾಕಿಸುವುದೆಂದು ತೀರ್ಮಾನವಾಗಿದೆ.